ಮರಳಿನಲ್ಲಿ ಅಡಗಿದ ಚೆಂಡು

ಗಾಲ್ಫ್ ಎಂಬ ಆಟವು ನಮ್ಮ ನಾಡಿಗೆ ಹೊಸದಲ್ಲ. ಬೆಂಗಳೂರಿನ ಗಾಲ್ಫ್ ಕ್ಲಬ್ಬು 1876ರಲ್ಲಿಯೇ ಸ್ಥಾಪಿತವಾಯಿತು. ಆದರೂ ಬೇಲಿಯ ಆಚೆಯಿಂದ ನೋಡುವವರಲ್ಲಿ ಬಹುಮಂದಿ ಇದನ್ನು ಸಿರಿವಂತರ ಕಾಲಹರಣವೆಂದೇ ತಿಳಿದಿರುವರು. ಈ ಆಟದ ಒಂದು ಸಣ್ಣ ನಿಯಮವನ್ನು ವಾಚಕರ ಮುಂದಿಡಬೇಕೆಂದು ನಮ್ಮ ಇಚ್ಛೆ. ಮನೆಯ ಮಕ್ಕಳಿಗೂ ಹೇಳತಕ್ಕ ನೀತಿಯೊಂದು ಅದರಲ್ಲಿದೆ.

ಆಟದ ಬಯಲಿನಲ್ಲಿ ಅಲ್ಲಲ್ಲಿ ಮರಳು ತುಂಬಿದ ಹಳ್ಳಗಳಿರುತ್ತವೆ. ಆಟಗಾರನನ್ನು ಪರೀಕ್ಷಿಸುವುದಕ್ಕಾಗಿಯೇ ಇರುವ ಇವುಗಳಿಗೆ ಬಂಕರ್ ಎಂದು ಹೆಸರು. ಚೆಂಡಾದರೋ ಅಡ್ಡಳತೆಯಲ್ಲಿ ಎರಡಂಗುಲಕ್ಕೂ ಕಡಮೆ. ಎತ್ತರದಿಂದ ಸಡಿಲವಾದ ಮರಳಿಗೆ ಬಿದ್ದರೆ ಒಮ್ಮೊಮ್ಮೆ ಪೂರ್ತಿಯಾಗಿ ಹೂತುಹೋಗುವುದು. ಆಗ ಆಟಗಾರನು ಮಾಡತಕ್ಕದ್ದೇನು?

ಹುಡುಕುವುದಕ್ಕೆ ಅವನಿಗೆ ಮೂರು ನಿಮಿಷಗಳ ಅವಕಾಶವುಂಟು. 2019ಕ್ಕೆ ಮೊದಲು ಐದು ನಿಮಿಷಗಳಿದ್ದವು. ಅವನಾಗಲಿ ಅವನ ಕ್ಯಾಡಿಯಾಗಲಿ ಹುಡುಕತೊಡಗಿದೊಡನೆ ಕಾಲದ ಎಣಿಕೆಯು ಮೊದಲಾಗುವುದು. ಮರಳನ್ನು ಮೆಲ್ಲನೆ ಸರಿಸಿ ನೋಡಬಹುದು. ಹಾಗೆ ನೋಡುವಾಗ ಚೆಂಡು ಅಕಸ್ಮಾತ್ತಾಗಿ ಕದಲಿದರೆ ದಂಡವಿಲ್ಲ. ಅದನ್ನು ಮೊದಲಿದ್ದ ಸ್ಥಳದಲ್ಲಿಯೇ ಇಟ್ಟರೆ ಸಾಕು. ಸಿಕ್ಕಿದ ಚೆಂಡು ತನ್ನದೋ ಅಲ್ಲವೋ ಎಂಬ ಸಂದೇಹವಿದ್ದರೆ, ಮೊದಲು ಸ್ಥಳಕ್ಕೆ ಗುರುತಿಟ್ಟು, ಬಳಿಕ ಅದನ್ನೆತ್ತಿ, ಗುರುತು ಹಿಡಿಯುವುದಕ್ಕೆ ಬೇಕಾದಷ್ಟು ಮಾತ್ರ ಒರೆಸಿ ನೋಡಬಹುದು.

ಇನ್ನು ಮುಖ್ಯವಾದ ಮಾತು. ಚೆಂಡು ಸಿಕ್ಕಿತೆಂದು ಮರಳನ್ನು ಸರಿಸಿದ ಹಾಗೆಯೇ ಬಿಟ್ಟು ಸುಲಭವಾಗಿ ಹೊಡೆಯುವಂತಿಲ್ಲ. ಅದು ಎಷ್ಟು ಆಳದಲ್ಲಿ, ಯಾವ ರೀತಿಯಲ್ಲಿ ಹುದುಗಿದ್ದಿತೋ ಹಾಗೆಯೇ ಮರಳನ್ನು ಮತ್ತೆ ತುಂಬತಕ್ಕದ್ದು. ತನ್ನ ಕಷ್ಟವನ್ನು ತನ್ನ ಕೈಯಿಂದಲೇ ಮರಳಿ ಕಟ್ಟಿಕೊಳ್ಳಬೇಕು! ಆದರೆ ನಿಯಮವು ಒಂದು ದಯೆಯನ್ನು ತೋರಿಸಿದೆ: ಪೂರ್ತಿ ಮುಚ್ಚಿಹೋಗಿದ್ದ ಚೆಂಡಿನ ಸ್ವಲ್ಪ ಭಾಗವು ಕಾಣುವಂತೆ ಬಿಡಬಹುದು. ಕುರುಡಾಗಿ ಹೊಡೆಯೆಂದು ಅದು ಹೇಳುವುದಿಲ್ಲ. ಕಷ್ಟವಿಲ್ಲದೆ ಹೊಡೆಯಲೂ ಬಿಡುವುದಿಲ್ಲ.

ಮೂರು ನಿಮಿಷಗಳಲ್ಲಿ ಸಿಕ್ಕದ ಚೆಂಡು ಕಳೆದುಹೋದಂತೆಯೇ. ಹಿಂದಿನ ಏಟನ್ನು ಹೊಡೆದ ಸ್ಥಳಕ್ಕೆ ಹಿಂದಿರುಗಿ, ಒಂದು ಏಟಿನ ದಂಡವನ್ನು ತೆತ್ತು, ಬೇರೊಂದು ಚೆಂಡನ್ನು ಆಡಬೇಕು. ಸ್ಕಾಟ್ಲೆಂಡಿನ ಲೀತ್ ಎಂಬಲ್ಲಿ 1744ರಲ್ಲಿ ಬರೆದ ಹದಿಮೂರು ನಿಯಮಗಳಲ್ಲಿಯೂ ಕಳೆದ ಚೆಂಡಿಗೆ ಇದೇ ವಿಧಿಯಿದ್ದಿತು.

ಆಟಗಾರನು ಮರಳನ್ನು ಸರಿಯಾಗಿ ತುಂಬಿದನೋ ಇಲ್ಲವೋ ಎಂದು ನೋಡುವವರಾರು? ಸಾಮಾನ್ಯವಾದ ಆಟದಲ್ಲಿ ಬೆನ್ನ ಹಿಂದೆ ತೀರ್ಪುಗಾರನಿರುವುದಿಲ್ಲ. ಹಳ್ಳದ ಆಳದಲ್ಲಿ ನಡೆಯುವುದು ಎದುರಾಳಿಗೂ ಕಾಣದಿರಬಹುದು. ಅಲ್ಲಿ ಸಾಕ್ಷಿ ಅವನ ಮನಸ್ಸೊಂದೇ. 1925ರ ಅಮೆರಿಕದ ಓಪನ್ ಪಂದ್ಯದಲ್ಲಿ ಬಾಬಿ ಜೋನ್ಸ್ ಎಂಬ ಪ್ರಸಿದ್ಧ ಆಟಗಾರನು ಹುಲ್ಲಿನಲ್ಲಿದ್ದ ತನ್ನ ಚೆಂಡನ್ನು ಹೊಡೆಯಲು ಅಣಿಯಾದಾಗ ಅದು ಕೊಂಚ ಕದಲಿತು. ಬೇರೆ ಯಾರೂ ಕಾಣಲಿಲ್ಲ. ಆದರೂ ಅವನು ತನ್ನ ಮೇಲೆ ತಾನೇ ಒಂದು ಏಟಿನ ದಂಡವನ್ನು ವಿಧಿಸಿಕೊಂಡನು. ಕೊನೆಗೆ ವಿಲ್ಲಿ ಮ್ಯಾಕ್‌ಫರ್ಲೇನನೊಡನೆ ಸರಿಸಮನಾಗಿ ನಿಂತು, ಮರುಪಂದ್ಯದಲ್ಲಿ ಸೋತನು. ಆ ಒಂದು ಏಟನ್ನು ಎಣಿಸದಿದ್ದರೆ ಗೆಲುವು ಅವನದೇ ಆಗುತ್ತಿದ್ದಿತು.

ಕಾಣದ ಚೆಂಡನ್ನು ಹುಡುಕಲು ನಿಯಮವು ನೆರವಾಗುವುದು. ಆದರೆ ಯಾರೂ ಕಾಣದಿರುವಾಗ ಮರಳನ್ನು ಇದ್ದಂತೆಯೇ ತುಂಬುವ ಬುದ್ಧಿಯನ್ನು ಮನೆಯಲ್ಲಿಯೇ ಕಲಿತು ಬರಬೇಕು.