ಕೆಂಪು ಚಿನ್ನದಲ್ಲಿ ಚಿನ್ನವೆಷ್ಟು?

ಮೂಡುಬಿದಿರೆ ಪಕ್ಕದ ಪುತ್ತಿಗೆಯ ಕಡೆ ತಾಮ್ರದ ಗುಣವನ್ನು ಯಾರಿಗೂ ಹೇಳಿಕೊಡಬೇಕಿಲ್ಲ. ಮಳೆಗಾಲ ಹಿಡಿಯಿತೆಂದರೆ ಬಚ್ಚಲ ಹಂಡೆ ಕಪ್ಪಾಗುತ್ತದೆ, ಚೆಂಬಿನ ಕುತ್ತಿಗೆಯಲ್ಲಿ ಹಸಿರು ಕಿಲುಬು ಕೂರುತ್ತದೆ. ಹುಣಸೆಹುಳಿ ಹಾಕಿ ತಿಕ್ಕಿದರೆ ಮತ್ತೆ ಕೆಂಪು. ದುಬಾರಿ ಕೈಗಡಿಯಾರದ ರೋಸ್ ಗೋಲ್ಡ್‌ಗೆ ಕೆಂಪು ಛಾಯೆ ಕೊಡುವುದೂ ಇದೇ ತಾಮ್ರ. ಲಕ್ಷಗಟ್ಟಲೆ ತೆತ್ತು ಕೊಂಡ ವಾಚು ಬಣ್ಣ ಮಾಸಿದ ಮಾತ್ರಕ್ಕೆ ಚಿನ್ನ ಖೋಟಾ ಎಂದುಕೊಳ್ಳಬೇಕಿಲ್ಲ.

18 ಕ್ಯಾರೆಟ್ ರೋಸ್ ಗೋಲ್ಡ್‌ನ ಒಂದು ಪ್ರಚಲಿತ ಮಿಶ್ರಣದಲ್ಲಿ ತೂಕದ ಪ್ರಕಾರ ಶೇ 75 ಚಿನ್ನ, ಶೇ 20.5 ತಾಮ್ರ, ಶೇ 4.5 ಬೆಳ್ಳಿ. ಆದರೆ ಚಿನ್ನದ ಪರಮಾಣು ತಾಮ್ರದ್ದಕ್ಕಿಂತ ಮೂರು ಪಟ್ಟು ಭಾರ. ಹಾಗಾಗಿ ತೂಗುವುದನ್ನು ಬಿಟ್ಟು ಪರಮಾಣುಗಳ ತಲೆ ಎಣಿಸಿದರೆ ನೂರರಲ್ಲಿ ಚಿನ್ನ ಸುಮಾರು 51, ತಾಮ್ರ 43! ಅಜ್ಜಿಯ 22 ಕ್ಯಾರೆಟ್ ಸರಕ್ಕೆ ಬರೀ ತಾಮ್ರ ಬೆರೆಸಿದ್ದರೂ ಅಲ್ಲಿ ಚಿನ್ನ 78ರಷ್ಟಿರುತ್ತದೆ. ಸುತ್ತಲೂ ಚಿನ್ನವೇ ತುಂಬಿರುವಾಗ ತಾಮ್ರವನ್ನು ಉಪ್ಪು, ಗಂಧಕ ಮುಟ್ಟುವುದು ಕಷ್ಟ. ಚಿನ್ನ ಅರ್ಧಕ್ಕೆ ಇಳಿದಲ್ಲಿ ಆ ಕಾವಲು ಸಡಿಲವಾಗುತ್ತದೆ. ಇಡೀ ವಿಷಯದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಈ ಲೆಕ್ಕ.

ಭೂತಗನ್ನಡಿ ಹಿಡಿದು ನೋಡಿ: ಬೆವರು ನಿಲ್ಲುವ ಬಕಲಿನ ಒಳಬದಿ, ಕೊಂಡಿಗಳ ಸಂದು ಮೊದಲು ಕಂದಾಗಿರುತ್ತವೆ. ತಾಮ್ರ ಅಲ್ಲಿ ಆಕ್ಸೈಡ್, ಸಲ್ಫೈಡ್ ಆಗಿದೆ. ಈಜುಕೊಳದ ಕ್ಲೋರಿನ್ ನೀರಿನಲ್ಲಿ ನಡೆಯುವುದು ಬೇರೆ. ಮೇಲ್ಪದರದ ತಾಮ್ರ ಕರಗಿ ಹೋಗುತ್ತದೆ, ಉಳಿದ ಚಿನ್ನ ಹಳದಿಯಾಗಿ ಕಾಣುತ್ತದೆ. ದಕ್ಷಿಣ ಅಮೆರಿಕದ ಆಂಡೀಸ್ ಸೀಮೆಯ ಅಕ್ಕಸಾಲಿಗರು ಶತಮಾನಗಳ ಹಿಂದೆಯೇ ಇದನ್ನು ಬೇಕೆಂದೇ ಮಾಡುತ್ತಿದ್ದರು. ತಾಮ್ರ ಹೆಚ್ಚಿರುವ ಒಡವೆಯ ಮೈಯಿಂದ ತಾಮ್ರ ತೆಗೆದು ಬಂಗಾರದ ಹೊಳಪು ತರಿಸುತ್ತಿದ್ದರು.

ಹೀಗೆ ಬಣ್ಣ ಮಾಸುವುದಕ್ಕೆ ಮದ್ದಾಗಿ ರೋಲೆಕ್ಸ್ ಕಂಪನಿ 2005ರಲ್ಲಿ ಎವರೋಸ್ ಎಂಬ ಮಿಶ್ರಲೋಹ ತಂದಿತು, ತುಸು ಪ್ಲಾಟಿನಂ ಸೇರಿಸಿ. ಒಮೆಗಾದವರ ಸೆಡ್ನಾ ಚಿನ್ನದಲ್ಲಿ ಪಲ್ಲೇಡಿಯಂ ಇದೆ.

ಮದುವೆಗೆ ಉಡುಗೊರೆ ಬರುವ ರೋಸ್ ಗೋಲ್ಡ್ ವಾಚುಗಳಲ್ಲಿ ಹೆಚ್ಚಿನವು ಸ್ಟೀಲಿಗೆ ತೆಳು ಲೇಪ ಕೊಟ್ಟವು. ಅವುಗಳ ಅಂಚು ಬೆಳ್ಳಗಾದರೆ ಲೇಪವೇ ಸವೆದಿದೆ ಎಂದರ್ಥ; ಹುಣಸೆಹುಳಿ ಹಾಕಿ ತಿಕ್ಕಿದರೆ ಇನ್ನಷ್ಟು ಕೆಡುತ್ತದೆ. ಅಪ್ಪಟ 18 ಕ್ಯಾರೆಟ್ ಆದರೆ ಪಾಲಿಶ್ ಮಾಡಿಸಿದಾಗ ಕೆಳಗಿನ ಕೆಂಪು ಮರಳಿ ಬರುತ್ತದೆ. ಪ್ರತಿ ಪಾಲಿಶಿಗೂ ಒಂದಿಷ್ಟು ಚಿನ್ನ ಹೋಗುತ್ತದೆ, ಅಂಚುಗಳ ಚೂಪು ಮೊಂಡಾಗುತ್ತದೆ. ಆದ್ದರಿಂದ ಬೆವರಿದ ದಿನ ಸಂಜೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ ಇಡುವುದೇ ಮೇಲು.