ಸೈರನ್ ಕೂಗಿದರೆ ಓಡಬೇಕೋ, ಬಾಗಿಲು ಹಾಕಿಕೊಳ್ಳಬೇಕೋ?

ವಿಶಾಖಪಟ್ಟಣದ ಎಲ್‌ಜಿ ಪಾಲಿಮರ್ಸ್ ಕಾರ್ಖಾನೆಯಲ್ಲಿ ಅಪಾಯದ ಸೈರನ್ ಚಾಲೂ ಮಾಡಲು 36 ಕಡೆ ವ್ಯವಸ್ಥೆ ಇತ್ತು. ಅದರಲ್ಲೊಂದು ಗೇಟಿನ ಬಳಿಯೇ ಇತ್ತು. 2020ರ ಮೇ 7ರ ನಸುಕಿನಲ್ಲಿ ಟ್ಯಾಂಕಿನಿಂದ ಸ್ಟೈರೀನ್ ಆವಿ ಹೊರನುಗ್ಗಿದಾಗ ಒಂದನ್ನೂ ಯಾರೂ ಒತ್ತಲಿಲ್ಲ. ಪಕ್ಕದ ಆರ್.ಆರ್. ವೆಂಕಟಾಪುರದ ಜನರನ್ನು ಎಬ್ಬಿಸಿದ್ದು ಕಣ್ಣುರಿ ಮತ್ತು ಉಸಿರುಕಟ್ಟು. ಎದ್ದು ಓಡಿದವರಲ್ಲಿ ಎಷ್ಟೋ ಮಂದಿ ರಸ್ತೆಯಲ್ಲೇ ಕುಸಿದರು. 12 ಜನ ಪ್ರಾಣ ಬಿಟ್ಟರು. ಆಂಧ್ರ ಸರ್ಕಾರ ನೇಮಿಸಿದ ಉನ್ನತಾಧಿಕಾರ ಸಮಿತಿ ಈ ಮೌನವನ್ನು ತನ್ನ ವರದಿಯಲ್ಲಿ ದಾಖಲಿಸಿತು.

ಉಪಕರಣ ಇತ್ತು, ಒತ್ತುವ ಕೈ ಇರಲಿಲ್ಲ. ಒಂದು ವೇಳೆ ಒತ್ತಿದ್ದರೂ ಇನ್ನೊಂದು ಪ್ರಶ್ನೆ ಉಳಿಯುತ್ತಿತ್ತು: ಆ ಸದ್ದು ಕೇಳಿದ ಮೇಲೆ ಏನು ಮಾಡಬೇಕೆಂದು ಊರಿನವರಿಗೆ ಮೊದಲೇ ಯಾರಾದರೂ ಹೇಳಿದ್ದರೇ?

ಆರಿಸಿದ ಸೈರನ್

ಭೋಪಾಲದ ಕತೆ ಇನ್ನೂ ಕಠೋರ. ಯೂನಿಯನ್ ಕಾರ್ಬೈಡ್ ಕಾರ್ಖಾನೆಯಲ್ಲಿ ಮೊದಲು ಒಳಗಿನ ಕಾರ್ಮಿಕರಿಗೂ ಹೊರಗಿನ ಬಸ್ತಿಗೂ ಎಚ್ಚರಿಕೆ ಒಟ್ಟಿಗೇ ಕೇಳುತ್ತಿತ್ತು. ಸಣ್ಣಪುಟ್ಟ ಸೋರಿಕೆಗೆಲ್ಲ ನೆರೆಹೊರೆ ಗಾಬರಿಯಾಗಬಾರದೆಂದು ಎರಡನ್ನೂ ಬೇರ್ಪಡಿಸಲಾಯಿತು. 1984ರ ಡಿಸೆಂಬರ್ 2ರ ನಡುರಾತ್ರಿ 610ನೇ ಸಂಖ್ಯೆಯ ಟ್ಯಾಂಕಿನಿಂದ ಮೀಥೈಲ್ ಐಸೋಸಯನೇಟ್ ಚಿಮ್ಮತೊಡಗಿತು. ಹೊರಗಿನ ಸೈರನ್ ಸುಮಾರು ಒಂದು ಗಂಟೆಯ ಹೊತ್ತಿಗೆ ಕೆಲ ನಿಮಿಷ ಕೂಗಿ ನಿಂತುಹೋಯಿತು. ಮತ್ತೆ ಎಡೆಬಿಡದೆ ಕೂಗುವಷ್ಟರಲ್ಲಿ ಎರಡು ಗಂಟೆ ದಾಟಿತ್ತು. ಅಷ್ಟರಲ್ಲಿ ವಿಷ ಮನೆಯೊಳಗಿತ್ತು.

ಅನಿಲ ಗಾಳಿಗಿಂತ ಭಾರ, ನೆಲಕ್ಕೆ ಅಂಟಿಕೊಂಡೇ ಹರಿಯಿತು. ಅದು ಸಾಗುವ ದಿಕ್ಕಿನಲ್ಲೇ ಓಡಿದವರು ಏದುಸಿರಿನಲ್ಲಿ ಅದನ್ನೇ ಇನ್ನಷ್ಟು ಒಳಗೆಳೆದುಕೊಂಡರು. ಒದ್ದೆ ಬಟ್ಟೆ ಮುಖಕ್ಕೆ ಒತ್ತಿಕೊಳ್ಳಿ, ಗಾಳಿಗೆ ಅಡ್ಡಲಾಗಿ ಸರಿಯಿರಿ ಎಂಬ ಎರಡು ಮಾತು ಎಷ್ಟೋ ಜೀವ ಉಳಿಸುತ್ತಿತ್ತು. ಅದನ್ನು ಹೇಳುವವರಿರಲಿಲ್ಲ. ಆಸ್ಪತ್ರೆಗಳಲ್ಲಿ ವೈದ್ಯರಿಗೇ ತಾವು ಯಾವ ವಿಷಕ್ಕೆ ಚಿಕಿತ್ಸೆ ಕೊಡುತ್ತಿದ್ದೇವೆಂದು ಸ್ಪಷ್ಟವಿರಲಿಲ್ಲ. ಎಚ್ಚರಿಸಿದವರು ಇರಲಿಲ್ಲವೆಂದಲ್ಲ. ಪತ್ರಕರ್ತ ರಾಜಕುಮಾರ್ ಕೇಸ್ವಾನಿ 1982ರಿಂದಲೇ ಈ ಕಾರ್ಖಾನೆಯ ಅಪಾಯದ ಬಗ್ಗೆ ಬರೆಯುತ್ತಿದ್ದರು. ಯಾರೂ ಕಿವಿಗೊಡಲಿಲ್ಲ.

ಎಂಟು ತಿಂಗಳ ಬಳಿಕ, 1985ರ ಆಗಸ್ಟ್‌ನಲ್ಲಿ, ಅದೇ ಕಂಪನಿಯ ಅಮೆರಿಕದ ಘಟಕದಲ್ಲೂ ಸೋರಿಕೆಯಾಯಿತು. ವೆಸ್ಟ್ ವರ್ಜೀನಿಯಾದ ಇನ್‌ಸ್ಟಿಟ್ಯೂಟ್ ಎಂಬ ಆ ಊರಿನಲ್ಲೂ ಸುದ್ದಿ ಹೊರಗೆ ತಲುಪಿದ್ದು ತಡವಾಗಿಯೇ. ಮರುವರ್ಷ ಅಮೆರಿಕ ಹೊಸ ಕಾಯ್ದೆ ತಂದಿತು. ಅಪಾಯಕಾರಿ ರಾಸಾಯನಿಕ ಹೊರಬಿದ್ದರೆ ಕಾರ್ಖಾನೆ ತಕ್ಷಣ ತಿಳಿಸಬೇಕು. ತಮ್ಮ ಪಕ್ಕದಲ್ಲಿ ಏನನ್ನು ಕೂಡಿಟ್ಟಿದ್ದಾರೆ ಎಂದು ತಿಳಿಯುವುದು ಜನರ ಹಕ್ಕು.

ಒಂದೇ ಸದ್ದು, ಎರಡು ಅರ್ಥ

ಅಡುಗೆಮನೆಯಲ್ಲಿ ಗ್ಯಾಸ್ ವಾಸನೆ ಬಂದರೆ ಯಾರೂ ಯೋಚಿಸುತ್ತ ನಿಲ್ಲುವುದಿಲ್ಲ. ರೆಗ್ಯುಲೇಟರ್ ಆರಿಸಿ, ಕಿಟಕಿ ತೆಗೆದು, ಸ್ವಿಚ್ ಮುಟ್ಟದೆ ಹೊರಬರುತ್ತೇವೆ. ಎಲ್‌ಪಿಜಿಗೆ ಹೇಳಿಕೊಳ್ಳುವಂಥ ವಾಸನೆ ಇಲ್ಲ. ಸೋರಿದರೆ ಗೊತ್ತಾಗಲೆಂದೇ ಅದಕ್ಕೆ ನಾರುವ ಮರ್‌ಕ್ಯಾಪ್ಟನ್ ಬೆರೆಸಿರುತ್ತಾರೆ. ಆ ವಾಸನೆ ಕೆಲಸ ಮಾಡುವುದು ಮುಂದೇನು ಮಾಡಬೇಕೆಂದು ಮನೆಮಂದಿಗೆಲ್ಲ ಮೊದಲೇ ಗೊತ್ತಿರುವುದರಿಂದ.

ಸೈರನ್‌ಗೆ ಆ ಭಾಗ್ಯವಿಲ್ಲ. ಕ್ಲೋರಿನ್ ಮೋಡ ಬರುತ್ತಿದ್ದರೆ ಒಳಗೇ ಇರುವುದು ಬಹುಪಾಲು ಲೇಸು: ಬಾಗಿಲು, ಕಿಟಕಿ ಮುಚ್ಚಿ, ಎಸಿ ಆರಿಸಿ, ಸಂದುಗಳಿಗೆ ಒದ್ದೆ ಬಟ್ಟೆ ತುರುಕಿ, ಸಾಧ್ಯವಾದರೆ ಮಹಡಿಗೆ ಹತ್ತಬೇಕು. ಅದು ಗಾಳಿಗಿಂತ ಎರಡೂವರೆ ಪಟ್ಟು ಭಾರ, ತಗ್ಗಿನಲ್ಲೇ ಮಡುಗಟ್ಟುತ್ತದೆ. ಎಲ್‌ಪಿಜಿ ಹರಡುತ್ತಿದ್ದರೆ ಮಾತೇ ಬೇರೆ: ಒಲೆ ಹೊತ್ತಿಸದೆ, ಗಾಡಿ ಸ್ಟಾರ್ಟ್ ಮಾಡದೆ, ದೂರ ನಡೆದುಬಿಡಬೇಕು. ಕೂಗು ಒಂದೇ, ಮಾಡಬೇಕಾದದ್ದು ತದ್ವಿರುದ್ಧ.

ಈ ಗೊಂದಲ ತಪ್ಪಿಸಲು ಬೇರೆಯವರು ಅಭ್ಯಾಸದ ಮೊರೆ ಹೋಗಿದ್ದಾರೆ. ನೆದರ್ಲೆಂಡ್ಸ್‌ನಲ್ಲಿ ತಿಂಗಳ ಮೊದಲ ಸೋಮವಾರ ಮಧ್ಯಾಹ್ನ 12ಕ್ಕೆ ಸೈರನ್ ಪರೀಕ್ಷಿಸುವುದು ವಾಡಿಕೆ. ಬೇರೆ ಹೊತ್ತಿನಲ್ಲಿ ಅದು ಕೂಗಿದರೆ ಒಳಗೆ ಹೋಗಿ ಬಾಗಿಲು ಮುಚ್ಚಿ ಸುದ್ದಿ ಕೇಳಬೇಕೆಂದು ಅಲ್ಲಿನವರಿಗೆ ಹೇಳಿಕೊಟ್ಟಿದ್ದಾರೆ. ಪೆಟ್ರೋಕೆಮಿಕಲ್ ಕಾರ್ಖಾನೆಗಳಿಂದ ತುಂಬಿದ ಟೆಕ್ಸಾಸ್‌ನ ಡೀರ್ ಪಾರ್ಕ್‌ನಲ್ಲಿ ಮಕ್ಕಳಿಗೆ ಪಾಠ ಹೇಳುವುದು ವಾಲಿ ಎಂಬ ಆಮೆ. ಅಪಾಯ ಬಂದರೆ ಚಿಪ್ಪಿನೊಳಗೆ ಸೇರಿಕೊಳ್ಳುವ ಜಾಣ.

ಕಾನೂನು ಇದೆ, ಕರಪತ್ರ ಎಲ್ಲಿ?

ನಮ್ಮಲ್ಲಿ ಕಾನೂನಿಗೆ ಬರವಿಲ್ಲ. ಅಪಾಯಕಾರಿ ರಾಸಾಯನಿಕಗಳ ಕುರಿತ 1989ರ ನಿಯಮಗಳ ಪ್ರಕಾರ, ಕಾರ್ಖಾನೆಯೊಳಗಿನ ತುರ್ತು ಯೋಜನೆ ಮಾಲೀಕರ ಹೊಣೆ, ಹೊರಗಿನದು ಜಿಲ್ಲಾಡಳಿತದ ಹೊಣೆ. 15ನೇ ನಿಯಮ ಇನ್ನೂ ಸ್ಪಷ್ಟ: ಅಪಘಾತದ ಪರಿಣಾಮ ತಟ್ಟಬಹುದಾದ ಹೊರಗಿನ ಜನರಿಗೆ ಅಪಾಯ ಎಂಥದ್ದು, ಏನು ಮಾಡಬೇಕು, ಏನು ಮಾಡಬಾರದು ಎಂದು ಮುಂಚಿತವಾಗಿ ತಿಳಿಸಬೇಕು. 1996ರ ನಿಯಮಗಳು ಕೇಂದ್ರದಿಂದ ಸ್ಥಳೀಯ ಮಟ್ಟದವರೆಗೆ ಬಿಕ್ಕಟ್ಟು ನಿರ್ವಹಣಾ ಸಮಿತಿಗಳನ್ನು ರಚಿಸಿದವು. ಜಿಲ್ಲೆಯಲ್ಲಿ ಅದರ ಮುಖ್ಯಸ್ಥರು ಜಿಲ್ಲಾಧಿಕಾರಿ. ಆದರೆ ಅಣಕು ಪ್ರದರ್ಶನ ಬಹುತೇಕ ಕಾಂಪೌಂಡಿನೊಳಗೇ ಮುಗಿಯುತ್ತದೆ. ಗೋಡೆಯಾಚೆ ಗೂಡಂಗಡಿ ಇಟ್ಟವರು ಅದನ್ನು ನೋಡುವುದು ಅಗ್ನಿಶಾಮಕ ವಾಹನ ಒಳಗೆ ಹೋದಾಗಷ್ಟೇ.

ಅಪಾಯ ಗೋಡೆಯೊಳಗೇ ಇರುವುದೂ ಇಲ್ಲ. ಚಕ್ರದ ಮೇಲೆ ಊರೂರು ಸುತ್ತುತ್ತದೆ. 2013ರ ಏಪ್ರಿಲ್‌ನಲ್ಲಿ ಉಪ್ಪಿನಂಗಡಿ ಸಮೀಪದ ಪೆರ್ನೆಯಲ್ಲಿ ಹೆದ್ದಾರಿ ತಿರುವಿನಲ್ಲಿ ಎಲ್‌ಪಿಜಿ ಟ್ಯಾಂಕರ್ ಉರುಳಿ ಅನಿಲಕ್ಕೆ ಬೆಂಕಿ ಹತ್ತಿದಾಗ ರಸ್ತೆ ಪಕ್ಕದ ಮನೆಗಳಲ್ಲಿದ್ದವರೂ ಬಲಿಯಾದರು. ಇಂಥ ಟ್ಯಾಂಕರ್‌ಗಳ ಮೈಮೇಲೆ ಎಚ್ಚರಿಕೆಯ ಫಲಕ ಇರುತ್ತದೆ. 1075 ಎಂದಿದ್ದರೆ ಎಲ್‌ಪಿಜಿ, 1017 ಎಂದರೆ ಕ್ಲೋರಿನ್, 1005 ಅಮೋನಿಯಾ. ಅದೇ ಫಲಕದಲ್ಲಿ ಬರೆದಿರುವ ತುರ್ತು ಕ್ರಮದ ಸಂಕೇತದ ಕೊನೆಗೆ 'ಇ' ಅಕ್ಷರವಿದ್ದರೆ ಸುತ್ತಲಿನವರನ್ನು ತೆರವುಗೊಳಿಸುವುದನ್ನು ಯೋಚಿಸಬೇಕೆಂದು ಅರ್ಥ. ದೂರದಿಂದಲೇ ಸಂಖ್ಯೆ ಓದಿ ಅಗ್ನಿಶಾಮಕ ದಳಕ್ಕೆ ತಿಳಿಸುವವನು ಅವರ ಅರ್ಧ ಕೆಲಸ ಮುಗಿಸಿದಂತೆ. ದಿನಾ ಅದನ್ನು ನೋಡುವ ಹೆದ್ದಾರಿ ಬದಿಯ ಜನರಿಗೆ ಓದಲು ಕಲಿಸಿದವರಿಲ್ಲ.

2023ರ ಅಕ್ಟೋಬರ್ 12ರಂದು ರಾಜ್ಯದ ಮೊಬೈಲ್‌ಗಳೆಲ್ಲ ಒಮ್ಮೆಗೇ ಅರಚಿಕೊಂಡದ್ದು ಹಲವರಿಗೆ ನೆನಪಿರಬಹುದು. ಅದು ಸೆಲ್ ಬ್ರಾಡ್‌ಕಾಸ್ಟ್ ವ್ಯವಸ್ಥೆಯ ಪರೀಕ್ಷೆ. ಯಾರ ನಂಬರೂ ಬೇಕಿಲ್ಲ; ಗೊತ್ತುಪಡಿಸಿದ ಟವರ್‌ಗಳ ವ್ಯಾಪ್ತಿಯಲ್ಲಿರುವ ಫೋನ್‌ಗಳಿಗೆ ಸಂದೇಶ ಹೋಗುತ್ತದೆ. ಸೈರನ್ ಹೇಳಲಾಗದ್ದನ್ನು ಇದು ಅಕ್ಷರಗಳಲ್ಲಿ ಹೇಳಬಲ್ಲದು: ಯಾವ ಅನಿಲ, ಒಳಗಿರಬೇಕೋ, ಹೊರಡಬೇಕೋ. ಆದರೆ ಸೋರಿಕೆಯ ಸುದ್ದಿ ಕಾರ್ಖಾನೆಯಿಂದ ಜಿಲ್ಲಾ ನಿಯಂತ್ರಣ ಕೊಠಡಿಗೆ ಬಂದರೆ ತಾನೇ ಸಂದೇಶ ಹೊರಡುವುದು? ಹೆಸರು ಕೆಡುತ್ತದೆಂಬ ಅಂಜಿಕೆ ಇರುವವರ ಕೈಗೇ ಮೊದಲ ಗುಂಡಿಯನ್ನು ಬಿಟ್ಟರೆ ವಿಶಾಖಪಟ್ಟಣ ಮರುಕಳಿಸುತ್ತದೆ. ಅನಿಲ ಪತ್ತೆಯಾದೊಡನೆ ಹೊರಗಿನ ಸೈರನ್ ತಾನಾಗಿಯೇ ಕೂಗಬೇಕು.

ಕಾರ್ಖಾನೆ ಪಕ್ಕದ ಊರಿನವರು ಗ್ರಾಮಸಭೆಯಲ್ಲಿ ಮೂರು ಪ್ರಶ್ನೆ ಎತ್ತಬಹುದು. ಒಳಗೆ ಏನನ್ನು ಕೂಡಿಟ್ಟಿದ್ದೀರಿ? ಸೈರನ್ ಕೂಗಿದರೆ ನಾವೇನು ಮಾಡಬೇಕು? ನಮ್ಮನ್ನೂ ಸೇರಿಸಿಕೊಂಡು ಅಣಕು ಪ್ರದರ್ಶನ ಯಾವಾಗ? ಉತ್ತರ ಕೊಡುವುದು ಯಾರ ಉಪಕಾರವೂ ಅಲ್ಲ. 1989ರಿಂದಲೂ ಅದು ಕಾನೂನು.