ಕಾಯಕಕ್ಕೆ ಅಡ್ಡವಾಗುವ ಮೆಟ್ಟಿಲು

ಕಾಯಕವೆಂಬುದು ಕೇವಲ ಹೊಟ್ಟೆಪಾಡಿನ ಮಾತಲ್ಲ. ಅದು ಮನುಷ್ಯನ ಮರ್ಯಾದೆಯ ಮಾತು. ದುಡಿಯುವ ಮನಸ್ಸುಳ್ಳ ವಿಕಲಚೇತನ ಮಗನನ್ನೋ ಮಗಳನ್ನೋ ಮನೆಯ ಮೂಲೆಯಲ್ಲಿ ಕೂರಿಸಿ ಉಣಬಡಿಸುವುದು ಕರುಣೆಯಂತೆ ತೋರಿದರೂ, ಅದು ಅವರ ಕಾಯಕವನ್ನು ಕಸಿದುಕೊಂಡಂತೆಯೇ ಸರಿ.

ರೇಷ್ಮೆ ಸೀರೆಗೆ ಹೆಸರಾದ ಕೊಳ್ಳೇಗಾಲದ ಕೈಮಗ್ಗವನ್ನೇ ನೋಡಿರಿ. ಕೈ ಲಾಳಿಯನ್ನು ಆಡಿಸುವಾಗ ಕಾಲು ಕೆಳಗಿನ ಮಣೆಗಳನ್ನು ತುಳಿಯಬೇಕು. ಕಾಲಿನಲ್ಲಿ ಬಲವಿಲ್ಲದವರಿಗೆ ಇದು ಕಷ್ಟ. ಆದರೆ ನೂಲು ಸುತ್ತಲು, ಲೆಕ್ಕ ಬರೆಯಲು, ಸೀರೆ ಮಾರಲು ಕಾಲಿನ ಬಲವೇಕೆ? ಅಲ್ಲಿ ಅವರನ್ನು ತಡೆಯುವುದು ದೇಹವಲ್ಲ, ಅಂಗಡಿಯ ಮುಂದಿನ ಎತ್ತರದ ಮೆಟ್ಟಿಲು.

ಈ ವಿವೇಕವನ್ನು ಶಾಸನವೂ ಒಪ್ಪಿದೆ. 1995ರ ಕಾಯ್ದೆಯು ಸರ್ಕಾರಿ ಹುದ್ದೆಗಳಲ್ಲಿ ಶೇ. 3ರಷ್ಟು ಮೀಸಲಾತಿಯನ್ನು ವಿಧಿಸಿತ್ತು. ಅದರ ಸ್ಥಾನದಲ್ಲಿ ಬಂದ ವಿಕಲಚೇತನರ ಹಕ್ಕುಗಳ ಕಾಯ್ದೆ, 2016, 2017ರ ಏಪ್ರಿಲ್ 19ರಂದು ಜಾರಿಗೆ ಬಂದು, ಈ ಪ್ರಮಾಣವನ್ನು ಶೇ. 4ಕ್ಕೆ ಏರಿಸಿತು, ಗುರುತಿಸಲಾದ ವೈಕಲ್ಯಗಳು 7ರಿಂದ 21ಕ್ಕೆ ಹೆಚ್ಚಿದವು. ಶೇ. 40ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳವರು ಈ ಮೀಸಲಾತಿಗೆ ಅರ್ಹರು. ಸರ್ಕಾರಿ ಕಚೇರಿಯು ವಿಕಲಚೇತನ ನೌಕರನಿಗೆ ಬೇಕಾದ ಅನುಕೂಲಗಳನ್ನು ಒದಗಿಸಿ, ಅಡೆತಡೆಗಳನ್ನು ನಿವಾರಿಸಬೇಕು. ಸೇವೆಯ ನಡುವೆ ಅಂಗವೈಕಲ್ಯ ಉಂಟಾದವನನ್ನು ಹೊರಹಾಕುವಂತಿಲ್ಲ. ಅದೇ ವೇತನಶ್ರೇಣಿಯ ಬೇರೊಂದು ಹುದ್ದೆಗೆ ವರ್ಗಾಯಿಸಬೇಕು.

ಸ್ವಂತ ಉದ್ಯೋಗ ಬಯಸುವವರಿಗಾಗಿ ರಾಜ್ಯ ಸರ್ಕಾರವು 'ಆಧಾರ' ಯೋಜನೆಯನ್ನು ರೂಪಿಸಿತು. ಯಂತ್ರಚಾಲಿತ ವಾಹನ, ರಿಯಾಯಿತಿಯ ಬಸ್ ಪಾಸುಗಳಂತಹ ನೆರವನ್ನೂ ನೀಡಿತು. ಈ ಮಾಹಿತಿಯನ್ನು ಮನೆಬಾಗಿಲಿಗೆ ತಲುಪಿಸಲು ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅವರೂ ವಿಕಲಚೇತನರೇ ಆಗಿರುವುದರಿಂದ ಅವರ ಮಾತಿಗೆ ಅನುಭವದ ತೂಕವಿದೆ.

ಆದರೆ ಇವೆಲ್ಲಕ್ಕೂ ಮೊದಲು ಬೇಕಾದುದು ಪ್ರಮಾಣಪತ್ರ ಮತ್ತು ವಿಶಿಷ್ಟ ಗುರುತಿನ ಚೀಟಿ. ಹನೂರಿನ ಕಾಡಂಚಿನ ಹಳ್ಳಿಯವರು ಜಿಲ್ಲಾ ಕೇಂದ್ರಕ್ಕೆ ಹೋಗಬೇಕಾದರೆ ಕೊಳ್ಳೇಗಾಲ, ಯಳಂದೂರುಗಳನ್ನು ದಾಟಿ ಚಾಮರಾಜನಗರ ಸೇರಬೇಕು. ಒಬ್ಬರೇ ಬಸ್ ಹತ್ತಲಾರದವರಿಗೆ ಇದು ದೊಡ್ಡ ಪಯಣ. ಜೊತೆಯಲ್ಲಿ ಹೋಗಲು ಒಬ್ಬರು ಒಂದು ದಿನದ ಕೂಲಿಯನ್ನು ಬಿಡಬೇಕು. ಹಲವು ಅರ್ಜಿಗಳು ಬರೆಯುವ ಮುನ್ನವೇ ನಿಂತುಹೋಗುವುದು ಇಲ್ಲಿಯೇ.

ಸರ್ಕಾರವು ಬಸ್ ಪಾಸನ್ನು ಕೊಡಬಲ್ಲದು, ಕೈಹಿಡಿದು ಬಸ್ ಹತ್ತಿಸಲಾರದು. ಆ ಕೆಲಸ ನೆರೆಹೊರೆಯವರದು. ದಾಸೋಹವೆಂದರೆ ಅನ್ನವಿಕ್ಕುವುದಷ್ಟೇ ಅಲ್ಲ. ಸದ್ಭಕ್ತರು ಈ ತಿಂಗಳು ತಮ್ಮ ಬೀದಿಯ ಅಂತಹ ಒಬ್ಬರನ್ನು ಚಾಮರಾಜನಗರಕ್ಕೆ ಕರೆದೊಯ್ಯಲಿ. ಅಂಗಡಿಯುಳ್ಳವರು ಮೆಟ್ಟಿಲ ಪಕ್ಕದಲ್ಲಿ ಒಂದು ಇಳಿಜಾರನ್ನು ಕಟ್ಟಿಸಲಿ.